ಹಕ್ಕಿಗಳ ಹದ್ದುಬಸ್ತು

ಕರ್ನಾಟಕದ 5 ರಾಷ್ಟ್ರೀಯ ಉದ್ಯಾನಗಳಲ್ಲಿ ಒಂದೂ ಶಿವಮೊಗ್ಗ ಜಿಲ್ಲೆಯ ಪಾಲಿಗೆ ಬಂದಿಲ್ಲ. ಬಂಡೀಪುರ, ನಾಗರಹೊಳೆ, ಬನ್ನೇರುಘಟ್ಟ, ಅಣಶಿ, ಕುದುರೆಮುಖ, ಎಲ್ಲವೂ ಬೇರೆ ಜಿಲ್ಲೆಗಳವು. ಹಾಗಾಗಿ ನಮ್ಮ ಸಾಗರದ ಕಡೆಯವರು ಕಾಡು ನೋಡಲು ಹೊರಟರೆಂದರೆ ಮನೆ ಹಿಂದಿನ ಕಾಡಿಗೆ ಬೆನ್ನು ಹಾಕಿ, ರಾತ್ರಿ ಬಸ್ಸು ಹತ್ತಿ ಮೈಸೂರಿಗಿಳಿದು, ಕಬಿನಿ ಹಿನ್ನೀರಿನ ಸಫಾರಿ ಜೀಪಿಗೆ ಮುಂಗಡ ಕಟ್ಟುತ್ತಾರೆ. ಅಲ್ಲಿ ಕಂಡ ಹುಲಿಯನ್ನು ಮೊಬೈಲಿನಲ್ಲಿಟ್ಟುಕೊಂಡು ವರ್ಷವಿಡೀ ಮದುವೆ ಮನೆಗಳಲ್ಲಿ ತೋರಿಸುವವರು ನನ್ನ ಬಳಗದಲ್ಲೇ ಸಾಕಷ್ಟಿದ್ದಾರೆ. ಅದೇ ಮದುವೆ ಚಪ್ಪರದ ಮೇಲೆ ರೆಕ್ಕೆ ಸದ್ದು ಮಾಡುತ್ತ ಮಂಗಟ್ಟೆ ಹಾರಿಹೋದರೆ ಅವರು ತಲೆ ಎತ್ತುವುದಿಲ್ಲ.

ದೂರುತ್ತಿಲ್ಲ. ಹುಲಿಯ ಆಸೆ ನನಗೂ ಇದೆ, ಅದಕ್ಕಾಗಿ ದೂರದ ಉದ್ಯಾನಗಳಿಗೆ ಹೋಗಿಬಂದವನೇ. ಆದರೆ ಹೋಗಿಬಂದಷ್ಟೂ ಒಂದು ಕಿರಿಕಿರಿ ಹೆಚ್ಚುತ್ತ ಬಂತು. ಅಲ್ಲಿ ಕಾಡಿಗೆ ಗೇಟಿದೆ, ಗೇಟಿಗೆ ಹೊತ್ತಿದೆ, ಜೀಪಿಗೆ ನಂಬರಿದೆ. ಗೇಟಿನಾಚೆ ಪ್ರಾಣಿಗಳದ್ದು, ಈಚೆ ನಮ್ಮದು ಎಂದು ಹದ್ದುಬಸ್ತು ಮಾಡಿಟ್ಟಂತೆ. ಈಚೆಗೆ ಏನಾದರೂ ಬದುಕಿದ್ದರೆ ಅದು ತಪ್ಪಿ ಬಂದದ್ದು ಎಂಬ ಭಾವನೆ ಅಲ್ಲಿಂದ ಬಂದವನಿಗೆ ತಾನಾಗಿ ಅಂಟಿಕೊಳ್ಳುತ್ತದೆ. ಮಲೆನಾಡಿನಲ್ಲಿ ಹುಟ್ಟಿದವನಿಗೆ ಇದು ಒಗ್ಗುವ ಮಾತಲ್ಲ. ಈ ಸಲ ಮಾಘದ ಚಳಿಯಲ್ಲಿ ಬೈನಾಕ್ಯುಲರ್ ಕೊರಳಿಗೆ ಹಾಕಿಕೊಂಡು ಹೊರಟದ್ದು ಗೇಟಿಲ್ಲದ ವರದಮೂಲಕ್ಕೆ.

ಸಾಗರ ಪೇಟೆಯಿಂದ ಆರೇಳು ಕಿ.ಮೀ. ಇಕ್ಕೇರಿಯ ಅಘೋರೇಶ್ವರನಿಗೆ ಕೈ ಮುಗಿದು ಮುಂದೆ ಹೋದರೆ ವರದಾಂಬೆಯ ದೇವಸ್ಥಾನ, ಅದರ ಕೊಳ, ಸುತ್ತ ಅಡಿಕೆ ತೋಟ. ನದಿ ಎಂದು ಹೇಳಿ ತೋರಿಸಿದರೆ ಹೊಸಬರು ನಂಬುವುದಿಲ್ಲ, ದಾಟಲು ಒಂದು ಹೆಜ್ಜೆ ಸಾಕು. ಆದರೆ ಇಲ್ಲಿ ಹೊರಟ ನೀರು ಸೊರಬದ ಗದ್ದೆಗಳನ್ನು ಹಾದು, ಬನವಾಸಿಯನ್ನು ಬಳಸಿ, ಹಾನಗಲ್ಲು ಹಾವೇರಿಗಳ ಬಯಲಿಗೆ ಇಳಿದು, ಗಳಗನಾಥದ ಹತ್ತಿರ ತುಂಗಭದ್ರೆಗೆ ಸೇರುತ್ತದೆ. ಅಂದರೆ ಕೊನೆಗೆ ಬಂಗಾಳ ಕೊಲ್ಲಿಗೆ. ಪಡುವಣ ಗುಡ್ಡದ ಆ ಮಗ್ಗುಲಿಗೆ ಬಿದ್ದ ಮಳೆಯೋ ಶರಾವತಿಗೆ ಇಳಿದು, ಜೋಗದಲ್ಲಿ 253 ಮೀಟರ್ ಧುಮುಕಿ, ಹೊನ್ನಾವರದಲ್ಲಿ ಅರಬ್ಬೀ ಸಮುದ್ರ ಸೇರುತ್ತದೆ. ಘಟ್ಟದ ನೆತ್ತಿಯಿಂದ ಇಷ್ಟು ದೂರದಲ್ಲಿ, ಅಷ್ಟೇನೂ ಎತ್ತರವಿಲ್ಲದ ಒಂದು ದಿಬ್ಬ ಎರಡು ಸಮುದ್ರಗಳ ನೀರನ್ನು ಪಾಲು ಮಾಡುತ್ತದೆ.

ಭಾವನ ಮನೆ ತೋಟದ ಅಂಚಿನಲ್ಲೇ. ಕೊನೆ ಕೊಯ್ಲು ಮುಗಿಯುವ ಹೊತ್ತು. ಅಂಗಳದ ತುಂಬ ಅಡಿಕೆ, ರಾತ್ರಿ ಸುಲಿಯುವವರ ಮಾತು, ಬೆಳಗಿನ ಜಾವ ಬೇಯಿಸುವ ಹಂಡೆಯ ಕೆಳಗೆ ಬೆಂಕಿ. ಹಕ್ಕಿ ನೋಡಲು ಬಂದಿದ್ದೇನೆ ಎಂದಾಗ ಭಾವ ನಕ್ಕ.

“ಹುಲಿ ನೋಡಲೆ ದುಡ್ಡು ಕೊಟ್ಟು ಹೋಗ್ತ ಮಾರಾಯ. ಇಲ್ಲಿ ಕಾಡುಕೋಣ ಪುಕ್ಕಟೆ ಬತ್ತು. ಬ್ಯಾಡ ಅಂದ್ರೂ ಬತ್ತು.”

ಬಂದದ್ದರ ಗುರುತು ತೋಟದ ಅಗಳದ ಹತ್ತಿರ ಇತ್ತು. ಎಳೆಯ ಅಡಿಕೆ ಸಸಿಗಳ ಸುಳಿ ಮಾಯ, ಮಣ್ಣಿನಲ್ಲಿ ಅಂಗೈಯಗಲದ ಗೊರಸು.

ಬೆಳಗ್ಗೆ ಆರರ ಮಸುಕಿನಲ್ಲಿ ತೋಟಕ್ಕಿಳಿದರೆ ಮೊದಲು ಕೇಳುವುದು ಸಿಳ್ಳಾರ. ಹಳ್ಳದ ಬದಿಯ ಕತ್ತಲಲ್ಲಿ ಕೂತು, ಹಾಡು ಅರ್ಧಕ್ಕೆ ಮರೆತು ಮತ್ತೆ ಮೊದಲಿಂದ ಹಿಡಿದವನ ಹಾಗೆ ಸಿಳ್ಳೆ ಹಾಕುತ್ತದೆ. ಆಮೇಲೆ ಕುಟ್ರು ಹಕ್ಕಿಗಳ ಜುಗಲ್ಬಂದಿ ಶುರು. ಒಂದು ನಿಲ್ಲಿಸಿದಲ್ಲಿ ಇನ್ನೊಂದು, ಆ ಗುಡ್ಡದಿಂದ ಈ ಗುಡ್ಡಕ್ಕೆ. ಕಾಡುಕೋಳಿ ಬೆಟ್ಟದ ಕಡೆಯಿಂದ ಕೂಗಿತು. ಬಾಲದ ತುದಿಯ ಎರಡು ಬಿಲ್ಲೆಗಳನ್ನು ಎಳೆದುಕೊಂಡು ಹಾರಿದ ಭೀಮರಾಜ ಬಾಳೆಯ ಮೇಲೆ ಕೂತು, ಬೇರೆ ಹಕ್ಕಿಗಳ ದನಿಯನ್ನೆಲ್ಲ ಒಂದೊಂದಾಗಿ ಅಣಕಿಸಿತು. ಕಾಲುವೆಯ ಬದುವಿನಲ್ಲಿ ಕುಂಡೆಕುಸ್ಕ ಹಿಂಭಾಗ ಕುಣಿಸುತ್ತ ಹುಳ ಹೆಕ್ಕುತ್ತಿತ್ತು. ಹಿಮಾಲಯದಿಂದಲೋ ಅದಕ್ಕೂ ಆಚೆಯಿಂದಲೋ ಬಂದು ಚಳಿಗಾಲವನ್ನು ನಮ್ಮ ತೋಟದ ಕಾಲುವೆಯಲ್ಲಿ ಕಳೆಯುವ ಹಕ್ಕಿ. ಭಾವನಿಗೆ ಅದರ ವಂಶಾವಳಿ ಗೊತ್ತಿಲ್ಲ, ಆದರೆ ಅದು ಬಂದರೆ ಮಳೆ ಪೂರ್ತಿ ಹೋಯಿತು, ಅಡಿಕೆ ಒಣಗಿಸಬಹುದು ಎಂಬ ಲೆಕ್ಕ ಗೊತ್ತು.

ತೋಟದಲ್ಲಿ ಇಷ್ಟು ಹಕ್ಕಿ ಇರುವುದು ನನ್ನೊಬ್ಬನ ಊರ ಅಭಿಮಾನದ ಮಾತಲ್ಲ. ಪಕ್ಕದ ಉತ್ತರ ಕನ್ನಡ ಜಿಲ್ಲೆಯಲ್ಲಿ ಜೈ ರಂಗನಾಥನ್, ರಂಜಿತ್ ಡೇನಿಯಲ್ಸ್, ಎಂ.ಡಿ. ಸುಭಾಷ್ ಚಂದ್ರನ್ ಮತ್ತು ಸಂಗಡಿಗರು ಅಡಿಕೆ ತೋಟಗಳ ಹಕ್ಕಿಗಳನ್ನು ಅಭ್ಯಾಸ ಮಾಡಿ 2008ರಲ್ಲಿ ಪ್ರಕಟಿಸಿದರು. ಅಲ್ಲಿನ ಕಾಡಿಗೆ ಸೇರಿದ ಹಕ್ಕಿ ಪ್ರಭೇದಗಳಲ್ಲಿ ಸುಮಾರು ಶೇ. 90ರಷ್ಟು ಅಡಿಕೆ ತೋಟಗಳಿರುವ ಸೀಮೆಯಲ್ಲೂ ಬದುಕಿವೆ ಎಂಬುದು ಅವರ ಕಾಣ್ಕೆ. ಎರಡು ಸಾವಿರ ವರ್ಷಗಳಿಗೂ ಮಿಕ್ಕಿ ಬೇಸಾಯ ನಡೆದ ನೆಲದಲ್ಲಿ ಇಷ್ಟು ಉಳಿದಿರುವುದು ಜಗತ್ತಿಗೇ ಅಚ್ಚರಿ. ಆದರೆ ಈ ಮಾತಿಗೆ ಒಂದು ಷರತ್ತಿದೆ, ಅದು ತೋಟದ ಹೊರಗಿದೆ. ತೋಟ ತಾನೊಂದೇ ನಿಂತಿಲ್ಲ. ಅದರ ಮೇಲೆ ಸೊಪ್ಪಿನ ಬೆಟ್ಟವಿದೆ, ಬೆಟ್ಟದ ಸೊಪ್ಪು ಕೊಟ್ಟಿಗೆಗೆ, ಕೊಟ್ಟಿಗೆಯ ಗೊಬ್ಬರ ತೋಟಕ್ಕೆ. ದರಕು, ಅಂದರೆ ಉದುರಿದ ಒಣಎಲೆ, ಗುಡಿಸಲು ಬೆಟ್ಟ ಬೇಕು, ಆದ್ದರಿಂದ ಬೆಟ್ಟದಲ್ಲಿ ಮರ ಉಳಿದಿದೆ, ಮರ ಉಳಿದದ್ದರಿಂದ ಹಕ್ಕಿ. ಯಾರೂ ಹಕ್ಕಿಗಾಗಿ ಬೆಟ್ಟ ಉಳಿಸಲಿಲ್ಲ. ಕೊಟ್ಟಿಗೆಯಲ್ಲಿ ದನ ಕಮ್ಮಿಯಾಗಿ, ಗೊಬ್ಬರ ಮೂಟೆಯಲ್ಲಿ ಬರತೊಡಗಿದ ಮೇಲೆ ಬೆಟ್ಟದ ಗತಿ ಏನು ಎಂಬುದು ಈಗಿನ ಪ್ರಶ್ನೆ. ಭಾವನ ಕೊಟ್ಟಿಗೆಯಲ್ಲಿ ಈಗ ಒಂದೇ ಹಸು.

ಬೆಟ್ಟ ಹೋದಲ್ಲಿ ಏನು ಬರುತ್ತದೆಂದು ನೋಡಲು ಬಹಳ ದೂರ ನಡೆಯಬೇಕಿಲ್ಲ. ಭದ್ರಾವತಿಯ ಕಾಗದ ಕಾರ್ಖಾನೆಗೆಂದು ಜಿಲ್ಲೆಯಲ್ಲೆಲ್ಲ ಎಬ್ಬಿಸಿದ ಅಕೇಶಿಯಾ ತೋಪುಗಳು ಕಾರ್ಖಾನೆ ಮುಚ್ಚಿದ ಮೇಲೂ ನಿಂತಿವೆ. ಒಳಗೆ ಹೋದರೆ ಕಾಲಡಿ ಒಣಎಲೆಯ ಸದ್ದು ಬಿಟ್ಟು ಬೇರೇನಿಲ್ಲ. ಹಸಿರಾಗಿದೆ, ನಕ್ಷೆಯಲ್ಲಿ ಅರಣ್ಯವೆಂದೇ ಕಾಣುತ್ತದೆ.

ಶರಾವತಿ ಕಣಿವೆಗೆ ಹೊರಡುವ ಮುನ್ನ ಅಕ್ಕ ಒಂದು ಸಣ್ಣ ಬಾಟಲಿ ತಂದು ಕೊಟ್ಟಳು. ಡೆಪಾ ಎಣ್ಣೆ. ಕೈಕಾಲಿಗೆ ಹಚ್ಚಿಕೊಳ್ಳದೆ ಕಾಡಿಗೆ ಕಾಲಿಡಕೂಡದು, ಬಂದ ಮೇಲೆ ಬಟ್ಟೆ ಬಿಸಿನೀರಿಗೆ ಹಾಕಿ ಸ್ನಾನ ಮಾಡಿಯೇ ಒಳಗೆ ಬರಬೇಕು ಎಂದು ಕಟ್ಟಪ್ಪಣೆ. ದೂರದ ಉದ್ಯಾನಗಳ ಕೈಪಿಡಿಗಳಲ್ಲಿ ಆನೆಯ ಬಗ್ಗೆ ಎಚ್ಚರಿಕೆ ಇರುತ್ತದೆ. ನಮ್ಮಲ್ಲಿ ಎಚ್ಚರಿಕೆ ಉಣುಗಿನ ಬಗ್ಗೆ. ಎಳ್ಳಿಗಿಂತ ಸಣ್ಣದು, ಕಚ್ಚಿದ್ದು ಗೊತ್ತಾಗುವುದಿಲ್ಲ.

ಮಂಗನ ಕಾಯಿಲೆಗೆ ಜಗತ್ತಿನ ವೈದ್ಯ ಪುಸ್ತಕಗಳಲ್ಲಿ ಇರುವ ಹೆಸರು ಇಲ್ಲಿಯದೇ ಒಂದು ಕಾಡಿನದು. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸಾಲುಸಾಲಾಗಿ ಸತ್ತವು, ಸುತ್ತಲಿನ ಹಳ್ಳಿಗಳಲ್ಲಿ ಜನ ಜ್ವರದಿಂದ ಮಲಗಿದರು. ಪುಣೆಯ ವೈರಸ್ ಸಂಶೋಧನಾ ಕೇಂದ್ರದವರು ಬಂದು ವೈರಾಣುವನ್ನು ಬೇರ್ಪಡಿಸಿ ನೋಡಿದರೆ ಅದು ರಷ್ಯಾದ ಕಾಡುಗಳಲ್ಲಿ ವಸಂತದಲ್ಲಿ ಕಾಣಿಸಿಕೊಳ್ಳುವ ಮಿದುಳು ಜ್ವರದ ವೈರಾಣುವಿನ ದಾಯಾದಿ. ಸೈಬೀರಿಯಾದ ರೋಗಕ್ಕೂ ಸೊರಬದ ಮಂಗಕ್ಕೂ ಎತ್ತಣ ಸಂಬಂಧ? ನಡುವೆ ಹಾರಾಡುವವು ವಲಸೆ ಹಕ್ಕಿಗಳು ಮಾತ್ರ. ಅವುಗಳ ಮೈಮೇಲಿನ ಉಣುಗುಗಳು ರೋಗವನ್ನು ತಂದವೇ ಎಂಬ ಅನುಮಾನ ಹುಟ್ಟಿತು.

ಆ ಅನುಮಾನದಿಂದ ಹಕ್ಕಿಲೋಕಕ್ಕೆ ಆದ ಲಾಭ ದೊಡ್ಡದು. ಸಲೀಂ ಅಲಿಯವರಿಗೆ ವಲಸೆ ಹಕ್ಕಿಗಳ ಕಾಲಿಗೆ ಉಂಗುರ ತೊಡಿಸಿ ಅವುಗಳ ದಾರಿ ತಿಳಿಯುವ ಆಸೆ ಬಹಳ ಕಾಲದಿಂದಿತ್ತು, ಹಣವಿರಲಿಲ್ಲ. ಹಕ್ಕಿಗಾಗಿ ಯಾರು ಹಣ ಕೊಡುತ್ತಾರೆ? ರೋಗಕ್ಕಾದರೆ ಕೊಡುತ್ತಾರೆ. ವಿಶ್ವ ಆರೋಗ್ಯ ಸಂಸ್ಥೆಯ ನೆರವಿನಿಂದ 1959ರಲ್ಲಿ ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿಯ ವಲಸೆ ಅಧ್ಯಯನ ಶುರುವಾಯಿತು, ದೇಶದ ಉದ್ದಗಲಕ್ಕೂ ಸಾವಿರಾರು ಹಕ್ಕಿಗಳ ಕಾಲಿಗೆ ಉಂಗುರ ಬಿತ್ತು. ಹಕ್ಕಿಗಳು ಈ ರೋಗವನ್ನು ಸೈಬೀರಿಯಾದಿಂದ ಹೊತ್ತು ತಂದವೆನ್ನಲು ಪುರಾವೆ ಮಾತ್ರ ಸಿಗಲಿಲ್ಲ. ವೈರಾಣು ಇಲ್ಲಿಯದೇ ಕಾಡಿನ ಇಲಿ, ಮೂಗಿಲಿ, ಉಣುಗುಗಳ ನಡುವೆ ತನ್ನ ಪಾಡಿಗೆ ಸುತ್ತುತ್ತಿದ್ದದ್ದು. ಕಾಡು ಕಡಿದು, ಅಂಚಿನಲ್ಲಿ ದನ ಮೇಯಿಸಿ, ಉಣುಗು ಹೆಚ್ಚುವುದಕ್ಕೆ ದಾರಿ ಮಾಡಿಕೊಟ್ಟದ್ದು ನಾವು ಎಂಬ ವಿವರಣೆಯೇ ಹೆಚ್ಚು ನಿಂತಿದೆ. ಭರತಪುರದ ಕೆರೆಯಂಗಳದಲ್ಲಿ ಬಾತುಕೋಳಿಯ ಕಾಲಿಗೆ ಉಂಗುರ ಹಾಕಿದ ಕೈಗಳ ಹಿಂದೆ ಕ್ಯಾಸನೂರಿನ ಸತ್ತ ಮುಸಿಯಗಳಿವೆ ಎಂಬುದು ನಮ್ಮ ಹಕ್ಕಿ ಪ್ರಿಯರಲ್ಲಿ ಬಹಳ ಮಂದಿಗೆ ತಿಳಿಯದು.

ಸಾಗರದವರಿಗೆ ಇದು ಹಳೆಯ ಕತೆಯಲ್ಲ. 2019ರಲ್ಲಿ ಅರಳಗೋಡು ಸುತ್ತಿನ ಹಳ್ಳಿಗಳಲ್ಲಿ ಕಾಯಿಲೆ ಭುಗಿಲೆದ್ದು ಸಾವುಗಳಾದವು. ಆ ವರ್ಷ ದರಕು ತರಲು ಬೆಟ್ಟಕ್ಕೆ ಹೋಗುವವರಿರಲಿಲ್ಲ, ಮದುವೆ ಮುಂಜಿಗೆ ನೆಂಟರು ಬರಲಿಲ್ಲ. ಮುಸಿಯ ಸತ್ತು ಬಿದ್ದಿದೆ ಎಂದರೆ ಹುಲಿ ಬಂತೆಂಬುದಕ್ಕಿಂತ ದೊಡ್ಡ ಸುದ್ದಿ. ಅದರ ಮೈಯ ಉಣುಗುಗಳೆಲ್ಲ ನೆಲಕ್ಕಿಳಿದು ಮುಂದಿನ ಬಿಸಿರಕ್ತಕ್ಕೆ ಕಾಯುತ್ತವೆ. ಡಿಸೆಂಬರಿನಿಂದ ಮೇ ತನಕ, ಅಂದರೆ ಹಕ್ಕಿ ನೋಡಲು ಅತ್ಯಂತ ಒಳ್ಳೆಯ ತಿಂಗಳುಗಳಲ್ಲೇ, ಇದರ ಕಾಟ. ನಾನು ಎಣ್ಣೆ ಹಚ್ಚಿಕೊಂಡೆ. ವಾಸನೆ ಅಷ್ಟೇನೂ ಕೆಟ್ಟದ್ದಲ್ಲ.

ಕಾರ್ಗಲ್ ದಾಟಿ ಮುಪ್ಪಾನೆಯ ಕಡೆ ಇಳಿದರೆ ಕಾಡು, ಕಾಡಿನ ಕೊನೆಯಲ್ಲಿ ನೀರು. ಲಿಂಗನಮಕ್ಕಿ ಅಣೆಕಟ್ಟು 1964ರದ್ದು. 1819 ಅಡಿ ತುಂಬಿದರೆ ಪೂರ್ಣ ಎಂಬ ಲೆಕ್ಕ ಈ ಕಡೆಯ ಮಕ್ಕಳಿಗೂ ಬಾಯಿಪಾಠ. ತುಂಬಿದಾಗ ಮುನ್ನೂರು ಚದರ ಕಿ.ಮೀ.ಗೂ ಮಿಕ್ಕಿ ನೀರು ಹರಡುತ್ತದೆ, ಗುಡ್ಡದ ನೆತ್ತಿಗಳೆಲ್ಲ ನಡುಗಡ್ಡೆ. ಬೇಸಿಗೆ ಬಲವಾಗಿ ನೀರು ತೀರ ಇಳಿದ ವರ್ಷ ಮಡೆನೂರಿನಲ್ಲಿ 1948ರ ಹಿರೇಭಾಸ್ಕರ ಅಣೆಕಟ್ಟು ತಲೆ ಎತ್ತುತ್ತದೆ. ಅಣೆಕಟ್ಟನ್ನೇ ಮುಳುಗಿಸಿದ ಅಣೆಕಟ್ಟು ನಮ್ಮದು. ಊರುಗಳು ಮುಳುಗಿ 8 ವರ್ಷಕ್ಕೆ, 1972ರಲ್ಲಿ, ಉಳಿದ ಕಾಡಿಗೆ ಶರಾವತಿ ಕಣಿವೆ ಅಭಯಾರಣ್ಯ ಎಂಬ ಬೋರ್ಡು ಬಂತು. ಹಳೆಯ ಫಲಕದಲ್ಲಿ ವಿಸ್ತೀರ್ಣ 431 ಚದರ ಕಿ.ಮೀ. ಆಚೆ ದಡದ ತುಮರಿ ಕಡೆಯವರಿಗೆ ಮುಳುಗಡೆ, ಅಭಯಾರಣ್ಯ, ಎರಡೂ ಒಂದರ ಹಿಂದೊಂದು ಬಂದ ಸರ್ಕಾರಿ ಆದೇಶಗಳು. ದಾಟಲು ಅವರಿಗೆ ಲಾಂಚ್ ಒಂದೇ ಗತಿಯಾಗಿತ್ತು. ಅಂಬಾರಗೋಡ್ಲು–ಕಳಸವಳ್ಳಿ ನಡುವೆ ಸುಮಾರು ಎರಡೂವರೆ ಕಿ.ಮೀ. ಉದ್ದದ ಸೇತುವೆ ಸಂಚಾರಕ್ಕೆ ತೆರೆದದ್ದು 2025ರ ಜುಲೈಯಲ್ಲಿ.

“ಕರೆಂಟು ಮಾಡ್ಲಿಕ್ಕೆ ನೀರು ನಿಲ್ಸಿದ್ರು. ನಮಗೆ ಸೇತುವೆ ಬರ್ಲಿಕ್ಕೆ ಅರವತ್ತು ವರ್ಷ ಆಯ್ತು ಮಾರಾಯ್ರೆ,” ಎಂದರು ದಡದಲ್ಲಿ ಸಿಕ್ಕ ಹಿರಿಯರು. ನನ್ನ ಬೈನಾಕ್ಯುಲರನ್ನು ಇಸಿದುಕೊಂಡು ನೀರಿನ ಮಧ್ಯದ ಒಂದು ಜಾಗಕ್ಕೆ ಹಿಡಿದು ನೋಡಿ ವಾಪಸು ಕೊಟ್ಟರು. ಅಲ್ಲಿ ಹಕ್ಕಿ ಇರಲಿಲ್ಲ. ಅವರ ಅಪ್ಪನ ಗದ್ದೆ ಅಲ್ಲಿತ್ತಂತೆ.

ಮುಪ್ಪಾನೆಯ ಅಂಚಿನಲ್ಲಿ ಸತ್ತ ಮರದ ಬೋಳು ಕೊಂಬೆಯ ಮೇಲೆ ಹಾವಕ್ಕಿ ರೆಕ್ಕೆ ಬಿಚ್ಚಿ ಒಣಗಿಸುತ್ತಿತ್ತು. ದೊಡ್ಡ ಮಂಗಟ್ಟೆಯ ಜೋಡಿ ನೀರು ದಾಟಿ ಬಂತು, ನೋಡುವ ಮೊದಲೇ ಕೇಳಿಸಿತು. ಮಾಘ ಅಂದರೆ ಅವುಗಳ ಸಂಸಾರದ ಕಾಲ. ಹೆಣ್ಣು ಹಳೆಯ ಮರದ ಪೊಟರೆಯೊಳಗೆ ಸೇರಿ ಬಾಗಿಲನ್ನು ಹಿಕ್ಕೆ, ಹಣ್ಣಿನ ತಿರುಳುಗಳಿಂದ ಮೆತ್ತಿ ಮುಚ್ಚಿಕೊಳ್ಳುತ್ತದೆ, ಕೊಕ್ಕು ತೂರುವಷ್ಟು ಸಂದು ಬಿಟ್ಟು. ತಿಂಗಳುಗಟ್ಟಲೆ ಗಂಡು ಹಣ್ಣು ತಂದು ಆ ಸಂದಿನಲ್ಲಿ ಕೊಡಬೇಕು. ಗಂಡಿಗೆ ಏನಾದರೂ ಆದರೆ ಒಳಗಿನ ಮರಿಗಳೂ ಕಷ್ಟ. ಅದಕ್ಕೆ ಬೇಕಾದ್ದು ಅತ್ತಿ, ಗೋಳಿ, ರಾಮಪತ್ರೆ. ರಾಮಪತ್ರೆ ನಮ್ಮ ಜನರಿಗೂ ಬೇಕು. ಒಣಗಿದ ಪತ್ರೆಗೆ ಪೇಟೆಯಲ್ಲಿ ಒಳ್ಳೆಯ ಬೆಲೆ. ಕಾಯಿ ಒಡೆಯುವ ಮುಂಚೆಯೇ ದೋಟಿ ಹಾಕಿ ಇಳಿಸಿದರೆ ಹಕ್ಕಿಗೂ ಇಲ್ಲ, ಹಕ್ಕಿ ಬಿತ್ತಬೇಕಾದ ಸಸಿಯೂ ಇಲ್ಲ.

ಉಪ್ಪಾಗೆಯ ಕತೆ ಇದಕ್ಕಿಂತ ವಿಚಿತ್ರ. ಮಳೆಗಾಲದಲ್ಲಿ ಹಳದಿ ಹಣ್ಣಾಗಿ ಉದುರುವ ಈ ಹುಳಿಯ ಸಿಪ್ಪೆ ನಮ್ಮ ಅಜ್ಜಿಯರ ಅಡುಗೆಮನೆಯದು, ಬೀಜದ ತುಪ್ಪ ಹಳ್ಳಿಯ ಮದ್ದು. 1990ರ ದಶಕದಲ್ಲಿ ಅದರಲ್ಲಿನ ಒಂದು ಆಮ್ಲ ಬೊಜ್ಜು ಕರಗಿಸುತ್ತದೆಂದು ಅಮೆರಿಕದಲ್ಲಿ ಮಾತ್ರೆಗಳು ಬಂದವು. ಬೆಲೆ ಗಗನಕ್ಕೇರಿತು. ಮಳೆಯಲ್ಲಿ ಬಿಸಿಲಿಲ್ಲದ ಕಾರಣ ಸಿಪ್ಪೆ ಒಣಗಿಸಲು ಒಲೆ ಉರಿಯಬೇಕು, ಒಲೆಗೆ ಕಟ್ಟಿಗೆ ಕಾಡಿನದ್ದೇ. ಹಣ್ಣು ಸಿಂಗಳೀಕನ ಊಟ, ಕಟ್ಟಿಗೆ ಅದರ ಮನೆ. ಕಡಲಾಚೆಯ ಯಾರದೋ ಸೊಂಟದ ಸುತ್ತಳತೆ ಕಡಿಮೆಯಾಗಲೆಂದು ಶರಾವತಿ ಕೊಳ್ಳದ ಒಂದು ಮಂಗ ಉಪವಾಸ ಬಿದ್ದಿತು ಎಂದರೆ ಉತ್ಪ್ರೇಕ್ಷೆಯಾದೀತು, ಪೂರ್ತಿ ಸುಳ್ಳಂತೂ ಆಗದು.

ಸಿಂಗಳೀಕ ಕಂಡದ್ದು ಮಾಲೆಮನೆ ಘಾಟಿಯಲ್ಲಿ, ಜೋಗದಿಂದ ಹೊನ್ನಾವರಕ್ಕೆ ಇಳಿಯುವ ರಸ್ತೆಯಲ್ಲಿ. ಸಾಗರದ ಗಡಿ ದಾಟಿ ಸಿದ್ದಾಪುರ ತಾಲ್ಲೂಕಿಗೆ ಬಂದಾಗಿತ್ತು, ಸಿಂಗಳೀಕನಿಗೆ ತಾಲ್ಲೂಕು ಕಚೇರಿಯ ಹಂಗಿಲ್ಲ. ಕತ್ತಲೆಕಾನಿನ ಎತ್ತರದ ಮರಗಳಲ್ಲಿ, ಕರಿಮುಖದ ಸುತ್ತ ಬಿಳಿಗಡ್ಡ, ಬಾಲದ ತುದಿಗೆ ಕುಚ್ಚು. ನೆಲಕ್ಕಿಳಿಯದೆ ರಸ್ತೆಯ ಮೇಲಿನ ಕೊಂಬೆಯಿಂದ ಕೊಂಬೆಗೆ ಸಂಸಾರ ಸಮೇತ ದಾಟಿದವು. ಜಗತ್ತಿನಲ್ಲಿ ಪಶ್ಚಿಮ ಘಟ್ಟದಲ್ಲಲ್ಲದೆ ಬೇರೆಲ್ಲೂ ಇವು ಇಲ್ಲ, ಘಟ್ಟದಲ್ಲಿ ಇವುಗಳ ಉತ್ತರದ ಕೊನೆ ಈ ಸೀಮೆ. ಕತ್ತಲೆಕಾನಿನ ಜೌಗಿನಲ್ಲಿ ರಾಮಪತ್ರೆಯ ಜಾತಿಯ ಮರಗಳು ಉಸಿರಾಡಲು ಬೇರುಗಳನ್ನು ನೀರಿನಿಂದ ಮೇಲೆತ್ತಿ ನಿಂತಿವೆ. ಇದೇ ಕಾಡಿನ ಸುತ್ತಿನಿಂದ 2014ರಲ್ಲಿ ವಿಜ್ಞಾನಕ್ಕೆ ಪರಿಚಯವಾದ ಕುಂಬಾರ ಕಪ್ಪೆಯ ಗಂಡು, ಮೊಟ್ಟೆಗಳ ಮೇಲೆ ಕೈಯಾರೆ ಮಣ್ಣು ಮೆತ್ತುತ್ತದೆ.

2019ರಲ್ಲಿ ಶರಾವತಿ ಅಭಯಾರಣ್ಯವನ್ನು ಅಘನಾಶಿನಿ ಕಡೆಯ ಕಾಡಿಗೆ ಕೂಡಿಸಿ, ಸಿಂಗಳೀಕದ ಹೆಸರಿನಲ್ಲಿ 930 ಚದರ ಕಿ.ಮೀ.ಗೆ ಹಿಗ್ಗಿಸಲಾಯಿತು. ಅದೇ ಅಭಯಾರಣ್ಯದೊಳಗೆ ಈಗ 2000 ಮೆಗಾವಾಟ್‌ನ ಪಂಪ್ಡ್ ಸ್ಟೋರೇಜ್ ಯೋಜನೆಯ ಮಾತು. ಮೇಲೆ ತಲಕಳಲೆ, ಕೆಳಗೆ ಗೇರುಸೊಪ್ಪೆ. ಕರೆಂಟು ಹೆಚ್ಚಾಗಿರುವ ಹೊತ್ತಿನಲ್ಲಿ ನೀರನ್ನು ಮೇಲೆತ್ತಿ, ಬೇಡಿಕೆಯ ಹೊತ್ತಿನಲ್ಲಿ ಕೆಳಗೆ ಬಿಡುವುದು. ಬಿಸಿಲು ಗಾಳಿಯ ವಿದ್ಯುತ್ತನ್ನು ಕೂಡಿಡಲು ಇಂಥ ವ್ಯವಸ್ಥೆ ಬೇಕು ಎಂಬ ವಾದ ನನಗೆ ಅರ್ಥವಾಗುತ್ತದೆ. ಆದರೆ ನಾಡಿನ ಲೆಕ್ಕ ಸರಿಹೋಗಬೇಕಾದಾಗಲೆಲ್ಲ ಕಳೆಯುವ ಕಾಲಂ ಶರಾವತಿಯದೇ ಏಕಾಗಬೇಕು? ಇದು ಸಾಗರದ ಕಾಫಿ ಹೋಟೆಲುಗಳಲ್ಲಿ ಕೇಳುವ ಪ್ರಶ್ನೆ, ನಾನು ಹೊಸದಾಗಿ ಹುಟ್ಟಿಸಿದ್ದಲ್ಲ.

ಸಂಜೆ ಜೋಗ. ಮಾಘದಲ್ಲಿ ನೀರು ನಾಲ್ಕು ದಾರ. ಪ್ರವಾಸಿಗರು ಮುಖ ಸಣ್ಣ ಮಾಡಿಕೊಂಡು ಮೆಣಸಿನಕಾಯಿ ಬಜ್ಜಿ ತಿನ್ನುತ್ತಿದ್ದರು. ಬಂಡೆಯ ಗೋಡೆ ಕಾಣುವ ಈ ದಿನಗಳೇ ನನಗಿಷ್ಟ. ಮುಸ್ಸಂಜೆಗೆ ಬಿಳಿಹೊಟ್ಟೆಯ ದೊಡ್ಡ ಬಾನಾಡಿಗಳು ದಿಕ್ಕುದಿಕ್ಕಿನಿಂದ ಬಂದು, ಕಮರಿಯ ಮೇಲೆ ಸುತ್ತಿ, ಬಂಡೆಯ ಬಿರುಕುಗಳಿಗೆ ನುಗ್ಗುತ್ತವೆ. ಹತ್ತೊಂಬತ್ತನೆಯ ಶತಮಾನದ ಹಕ್ಕಿ ವಿಜ್ಞಾನಿ ಥಾಮಸ್ ಜೆರ್ಡನ್ ಇದೇ ಜೋಗದ ಬಂಡೆಗಳಿಗೆ ರಾತ್ರಿ ತಂಗಲು ಬರುವ ಬಾನಾಡಿಗಳನ್ನು ದಾಖಲಿಸಿದ್ದ. ನದಿಯನ್ನು ಕೊಳವೆಗೆ ಹಾಕಿದ್ದೇವೆ. ಬಂಡೆಯನ್ನು ಹಾಕಲಾಗಲಿಲ್ಲ, ಹಾಗಾಗಿ ಬಾನಾಡಿಗಳ ಮನೆ ಉಳಿದಿದೆ.

ಹೊಸನಗರದ ದಾರಿಯನ್ನು ಬೇಗ ಹೇಳಿ ಮುಗಿಸುತ್ತೇನೆ, ಏಕೆಂದರೆ ಕೊಡಚಾದ್ರಿಯ ಬಗ್ಗೆ ಬರೆಯದವರೇ ಇಲ್ಲ. ನಗರದ ಕೋಟೆ, ಹುಲಿಕಲ್ಲು, ಮಾಣಿ, ಚಕ್ರಾ, ಸಾವೇಹಕ್ಲು: ಹೆಸರು ಬೇರೆ ಬೇರೆಯಾದರೂ ಕೊನೆಗೆ ಎದುರಾಗುವುದು ನಿಂತ ನೀರು. ಕೊಡಚಾದ್ರಿ 1343 ಮೀಟರ್. ಜೀಪುಗಳು ಕೆಂಪು ದೂಳೆಬ್ಬಿಸಿ ಏರುವ ದಾರಿಯಲ್ಲಿ ಹಕ್ಕಿ ಹುಡುಕುವುದು ಹುಚ್ಚಾಟ. ದೂಳು ಕೂತ ಮೇಲೆ, ಹುಲ್ಲುಬೋಳಿನ ಅಂಚಿನ ಶೋಲೆಗೆ ಇಳಿದಾಗ ಒಂದು ಕಪ್ಪು ಹದ್ದು ಮರಗಳ ತಲೆ ಸವರುತ್ತ, ಗೂಡುಗಳನ್ನು ತಡಕುತ್ತ ಹೋಯಿತು. ಕಣ್ಣಳತೆಯಲ್ಲಿ ಕೊಲ್ಲೂರಿನ ಕಾಡು, ಇನ್ನೂ ಆಚೆ ಸಮುದ್ರದ ಬೆಳಕು.

ತೀರ್ಥಹಳ್ಳಿಯ ಕಡೆ ಬಂದರೆ ಹಕ್ಕಿಗಳಿಗೆ ಸಾಹಿತ್ಯದ ಬೆಂಬಲವೂ ಇದೆ. ‘ಪಕ್ಷಿಕಾಶಿ’ ಎಂಬ ಹೆಸರಿನಲ್ಲೇ ಕವನ ಸಂಕಲನ ತಂದ ಕುವೆಂಪು ಇಲ್ಲಿಯವರು. ಅವರ ಮಗ ಪೂರ್ಣಚಂದ್ರ ತೇಜಸ್ವಿ ಕ್ಯಾಮೆರಾ ಹಿಡಿದು ಮರೆಯಲ್ಲಿ ಕೂತು, ಹಕ್ಕಿಗಳ ಬಗ್ಗೆ ಕನ್ನಡದಲ್ಲಿ ಬರೆದು, ಹಕ್ಕಿ ನೋಡುವುದು ಸಾಹೇಬರ ಹವ್ಯಾಸ ಎಂಬ ಭಾವನೆಯನ್ನು ಮುರಿದರು. ನನ್ನ ತಲೆಮಾರಿನವರು ಬೈನಾಕ್ಯುಲರ್ ಕೊಂಡದ್ದಕ್ಕೆ ಅವರೇ ಹೊಣೆ. ಕುಪ್ಪಳಿಯ ಕವಿಶೈಲದ ಬಂಡೆಯ ಮೇಲೆ ಈಗ ಸೆಲ್ಫಿ ತೆಗೆಯುವವರು ಹೆಚ್ಚು. ಆದರೂ ಕೆಳಗಿನ ಕಾಡಿನಿಂದ ಬೂದು ಮಂಗಟ್ಟೆ ಎಲ್ಲರಿಗಿಂತ ಗಟ್ಟಿಯಾಗಿ ನಕ್ಕಿತು.

ಆಗುಂಬೆಯಲ್ಲಿ ರಾತ್ರಿ ತಂಗಿದೆ. ರೊಮುಲಸ್ ವಿಟೇಕರ್ 2005ರಲ್ಲಿ ಇಲ್ಲಿ ಮಳೆಕಾಡು ಸಂಶೋಧನಾ ಕೇಂದ್ರ ಕಟ್ಟಿದ್ದು ಕಾಳಿಂಗ ಸರ್ಪಕ್ಕಾಗಿ. ಎಲೆ ಗುಡ್ಡೆ ಹಾಕಿ ಗೂಡು ಕಟ್ಟಿ ಮೊಟ್ಟೆ ಕಾಯುವ ಹಾವು ಇದು. ಘಟ್ಟದ ಕಾಳಿಂಗ ಬೇರೆಯೇ ಪ್ರಭೇದವೆಂದು 2024ರಲ್ಲಿ ಪಿ. ಗೌರಿಶಂಕರ್ ಮತ್ತು ಸಂಗಡಿಗರು ತೋರಿಸಿ, ಅದಕ್ಕೆ ಶಾಸ್ತ್ರೀಯ ಹೆಸರಿನಲ್ಲೂ ಕಾಳಿಂಗವೆಂದೇ ಇಟ್ಟರು. ಇಲ್ಲಿ ಅದು ಅಡಿಕೆ ತೋಟಕ್ಕೂ ಬರುತ್ತದೆ, ಬಚ್ಚಲಿಗೂ ಬರುತ್ತದೆ. ಜನ ಹೊಡೆಯುವುದಿಲ್ಲ, ಹಿಡಿಯುವವರಿಗೆ ಫೋನ್ ಮಾಡುತ್ತಾರೆ. ಬೆಳಗ್ಗೆ ಊರಿನ ಹುಡುಗನೊಬ್ಬ ಪೊದೆಯೊಂದರಲ್ಲಿ ಒಣ ಎಲೆಗಳ ಹಾಗೆ ಒತ್ತಿ ಕೂತ ಕಪ್ಪೆಬಾಯಿ ಹಕ್ಕಿಯ ಜೋಡಿಯನ್ನು ತೋರಿಸಿದ. “ಯಾರಿಗೂ ಜಾಗ ಹೇಳ್ಬೇಡಿ ಸರ್. ಒಬ್ರಿಗೆ ಹೇಳಿದ್ರೆ ನಾಳೆ ಹತ್ತು ಕಾರು. ಮೊಬೈಲಲ್ಲಿ ಅದರದ್ದೇ ಕೂಗು ಹಾಕಿ ಹಾಕಿ ಓಡ್ಸೇ ಬಿಡ್ತಾರೆ.” ಹೇಳುವುದಿಲ್ಲ.

ಮಂಡಗದ್ದೆಗೆ ಆ ಸಲ ಹೋಗಿ ಪ್ರಯೋಜನವಿರಲಿಲ್ಲ, ಅದಕ್ಕೆ ಆಷಾಢ ಶ್ರಾವಣ ಬೇಕು. ಮಳೆಗಾಲದಲ್ಲಿ ಮತ್ತೆ ಬಂದೆ. ತೀರ್ಥಹಳ್ಳಿಯಿಂದ ಶಿವಮೊಗ್ಗಕ್ಕೆ ಹೋಗುವ ಹೆದ್ದಾರಿಯ ಬದಿಯಲ್ಲೇ, ತುಂಗೆಯ ನಡುವೆ ಒಂದು ಎಕರೆಗಿಂತ ತುಸು ದೊಡ್ಡ ನಡುಗಡ್ಡೆ. ಅಷ್ಟೇ ಪಕ್ಷಿಧಾಮ. ಟಿಕೆಟ್ಟು ಹರಿಯುವ ಕಂಡಕ್ಟರ್ ಕಿಟಕಿಯಿಂದ ನೋಡಿದರೂ ಸಾವಿರ ಹಕ್ಕಿ ಕಾಣುತ್ತವೆ. ಬೆಳ್ಳಕ್ಕಿ, ನೀರುಕಾಗೆ, ಹಾವಕ್ಕಿ, ನೀರಿಗೆ ಬಾಗಿದ ಒಂದೊಂದು ಕೊಂಬೆಯಲ್ಲೂ ಗೂಡು. ಕೆಂಪು ನೀರು ಬುಡಕ್ಕೆ ಬಡಿಯುತ್ತಿತ್ತು. ಹೊಳೆ ಇನ್ನೂ ಏರಿದರೆ ಕೆಳಗಿನ ಗೂಡುಗಳು ಹೋಗುತ್ತವೆ. ಗದ್ದಲ, ವಾಸನೆ, ಒದ್ದಾಟ, ಒಂದು ಜಾತ್ರೆಗೆ ಏನೇನು ಬೇಕೋ ಎಲ್ಲ ಇತ್ತು.

ಮಂಡಗದ್ದೆಯ ಬೆನ್ನಿಗೇ ಶೆಟ್ಟಿಹಳ್ಳಿ ಅಭಯಾರಣ್ಯ. 1974ರ ಘೋಷಣೆ, 395 ಚದರ ಕಿ.ಮೀ. ಅದರೊಳಗಿನ, ಅಂಚಿನ ಹಳ್ಳಿಗಳಲ್ಲಿ ಲಿಂಗನಮಕ್ಕಿಯಲ್ಲಿ ಮನೆ ಮುಳುಗಿಸಿಕೊಂಡು ಬಂದ ಶರಾವತಿಯ ಸಂತ್ರಸ್ತರಿದ್ದಾರೆ. ಮೊದಲು ಕಾಡಿಗೆ ಕಳಿಸಿ, ಆಮೇಲೆ ಆ ಕಾಡನ್ನೇ ಅಭಯಾರಣ್ಯ ಮಾಡಿ, ಹಕ್ಕುಪತ್ರಕ್ಕೆ ಇಂದಿಗೂ ಅಲೆಸುತ್ತಿರುವ ಕತೆ ಅವರದು. ವನ್ಯಜೀವಿ ಎಂಬ ಮಾತನ್ನು ಅವರೆದುರು ಸಲೀಸಾಗಿ ಆಡಲು ನನಗೆ ಬಾಯಿ ಬರುವುದಿಲ್ಲ.

ನಡುಗಡ್ಡೆಯಲ್ಲಿ ಹಕ್ಕಿ ಮಲಗುತ್ತದೆ, ಮರಿ ಮಾಡುತ್ತದೆ, ಊಟ ಅಲ್ಲಿಲ್ಲ. ಹೊತ್ತು ಹುಟ್ಟುತ್ತಲೇ ಬೆಳ್ಳಕ್ಕಿಗಳು ಸಾಲುಸಾಲಾಗಿ ಸುತ್ತಲಿನ ಗದ್ದೆಗಳಿಗೆ ಹೊರಡುತ್ತವೆ. ಏಡಿ, ಮೀನುಮರಿ, ಕಪ್ಪೆ, ಹುಳ, ನೆಟ್ಟಿ ಮಾಡಿದ ಗದ್ದೆಯ ಕೆಸರು ನೀರಿನಲ್ಲಿ ಎಲ್ಲವೂ ಇರುತ್ತವೆ. ಅರಣ್ಯ ಇಲಾಖೆಯ ಫಲಕದಲ್ಲಿರುವ ಒಂದು ಎಕರೆ ಹಕ್ಕಿಗಳ ಮಲಗುವ ಕೋಣೆ, ಅಡುಗೆಮನೆ ಊರವರದ್ದು.

ಅಂಥದೊಂದು ಗದ್ದೆಯ ಬದುವಿನಲ್ಲಿ, ಕಂಬಳಿ ಕೊಪ್ಪೆ ಹಾಕಿದ ಹಿರಿಯ ರೈತರೊಬ್ಬರು ನೀರು ತಿರುಗಿಸುತ್ತಿದ್ದರು. ಟ್ರ್ಯಾಕ್ಟರ್ ಹೂಡಿದ ಜಾಗದಲ್ಲಿ ಇಪ್ಪತ್ತು ಮೂವತ್ತು ಬೆಳ್ಳಕ್ಕಿಗಳು ಅದರ ಹಿಂದೆಯೇ ನಡೆಯುತ್ತಿದ್ದವು. ಸುತ್ತ ನೋಡಿದೆ. ಮೂರು ಕಡೆ ಎಳೆಯ ಅಡಿಕೆ ತೋಟ, ಎಲ್ಲವೂ ಈಚಿನ ವರ್ಷಗಳವು, ಗದ್ದೆಯಾಗಿದ್ದ ನೆಲದಲ್ಲಿ ಬಂದವು. ಮೇಲೆ ಬೆಟ್ಟವಿಲ್ಲ, ದರಕಿಲ್ಲ. ವರದಮೂಲದ ತೋಟದ ಸಿಳ್ಳಾರ ಇಲ್ಲಿಗೆ ಬರುವುದಿಲ್ಲ, ಬೆಳ್ಳಕ್ಕಿ ಇಲ್ಲಿಂದ ಹೋಗುತ್ತದೆ.

“ನೀವು ಗದ್ದೆ ಉಳಿಸ್ಕೊಂಡಿದ್ದೀರಲ್ಲ ಗೌಡ್ರೆ,” ಎಂದೆ.

“ಉಳಿಸ್ಕೊಂಡದ್ದಲ್ಲ, ಉಳಿದದ್ದು,” ಎಂದರು. “ನೆಟ್ಟಿಗೆ ಆಳು ಸಿಗೂದಿಲ್ಲ. ಭತ್ತ ಮಾರಿದ್ರೆ ಟ್ರ್ಯಾಕ್ಟರ್ ಬಾಡಿಗೆ ಹುಟ್ಟೂದಿಲ್ಲ. ಬೆಳ್ಳಕ್ಕಿಗೆ ಅಂತ ಗದ್ದೆ ಮಾಡ್ಲಿಕ್ಕೆ ಆಗ್ತದಾ ಹೇಳಿ?”

ಎಲೆಚುಕ್ಕಿ ರೋಗ ಬಂದಿದೆಯಲ್ಲ, ಅಡಿಕೆಯ ದರ ನಾಳೆ ಹೇಗೋ ಏನೋ ಎಂದೆ. ಅದನ್ನು ಅವರು ನನಗಿಂತ ಚೆನ್ನಾಗಿ ಬಲ್ಲರು. ಆಗಬಹುದು ಎಂಬಂತೆ ತಲೆಯಾಡಿಸಿ, ನನ್ನ ಬೈನಾಕ್ಯುಲರಿಗೆ ಎಷ್ಟು ಕೊಟ್ಟೆ ಎಂದು ಕೇಳಿದರು. ಹೇಳಿದೆ. ಆ ದುಡ್ಡಿಗೆ ಎಷ್ಟು ಅಡಿಕೆ ಸಸಿ ಬರುತ್ತದೆಂದು ಮನಸ್ಸಿನಲ್ಲೇ ಗುಣಿಸಿದ್ದು ಮುಖದಲ್ಲಿ ಕಂಡಿತು. ಮುಂದಿನ ಬೇಸಿಗೆಗೆ ಅರ್ಧ ಗದ್ದೆಗೆ ಮಣ್ಣು ಹೊಡೆಸುತ್ತಾರಂತೆ. ಜೆಸಿಬಿಯವನಿಗೆ ಹೇಳಿಯಾಗಿದೆ, ಮುಂಗಡವೂ ಕೊಟ್ಟಾಗಿದೆ.